ಕೊಡವದೆ ಬಂದ ಚೀಲ

ಎಲ್ಲದಕ್ಕೂ ಕಾರಣ ಒಂದು ಲೋಟ ಕಾಫಿ. ಅದೂ ಹಾಲಿಲ್ಲದ, ಸಕ್ಕರೆ ಹೆಚ್ಚಾದ, ಬಿಟ್ಟಿ ಕಾಫಿ.

ಎಲ್ಪಿಡಿಯೊ ಎಂಬವನು ಪೆರ್ಲಿತಾ ಸಾರ್ಡೀನ್ಸ್ ಮಹಿಳಾ ವಾಲಿಬಾಲ್ ತಂಡದ ಕೈಯಾಳು. ಮೀನಿನ ಡಬ್ಬಿ ಮಾರುವ ಕಂಪನಿಯ ತಂಡ ಅದು. ಹುಡುಗಿಯರು ಆಡುತ್ತಾರೆ, ಕೋಚ್ ಕೂಗುತ್ತಾನೆ, ಉಳಿದದ್ದೆಲ್ಲ ಎಲ್ಪಿಡಿಯೊನ ಪಾಲು. ನೀರಿನ ಬಾಟಲಿ ತುಂಬಬೇಕು, ಅಂಗಳದ ಮೇಲೆ ಬಿದ್ದ ಬೆವರು ಒರೆಸಬೇಕು, ಮಂಡಿಗಳಿಗೆ ಐಸ್ ಕಟ್ಟಬೇಕು, ಪಂದ್ಯದ ಜರ್ಸಿಗಳನ್ನು ಮನೆಗೆ ಒಯ್ದು ಹೆಂಡತಿ ಲುಜ್ ಕೈಯಲ್ಲಿ ಒಗೆಸಿ ತರಬೇಕು. ನಲವತ್ತಾರು ವರ್ಷದ ಅವನು ಹುಡುಗಿಯರಿಗೆಲ್ಲ ಕುಯಾ, ಅಂದರೆ ಅಣ್ಣ. ಈ ಅಣ್ಣ ತಂಗಿಯರ ಭುಜದವರೆಗೂ ಬರುವುದಿಲ್ಲ ಎಂಬ ಮಾತನ್ನು ಅವನೇ ಎಲ್ಲರಿಗಿಂತ ಮೊದಲು ಹೇಳಿ ನಗುತ್ತಿದ್ದ. ಇನ್ನೊಬ್ಬರು ಹೇಳುವ ಮುಂಚೆ ತಾನೇ ಹೇಳಿಬಿಟ್ಟರೆ ಅಷ್ಟಾಗಿ ಚುಚ್ಚುವುದಿಲ್ಲ ಎಂಬುದು ಅವನ ಅನುಭವ.

ಅವನು ಸೇರಿದ ಮೇಲೆ ತಂಡ ಆರು ಪಂದ್ಯ ಆಡಿತ್ತು, ಆರನ್ನೂ ಸೋತಿತ್ತು. ಆರನೆಯ ಸೋಲಿನ ಮರುದಿನ ಮ್ಯಾನೇಜರ್ ಮ್ಯಾಡಂ ಪುರೀತಾ ಅವನನ್ನು ಕರೆಸಿದ್ದಳು.

"ನೋಡು ಎಲ್ಪಿಡಿಯೊ, ನನಗೆ ಮೂಢನಂಬಿಕೆ ಗೀಢನಂಬಿಕೆ ಏನೂ ಇಲ್ಲ. ಆದ್ರೆ ನೀನು ಬರೋಕ್ಕೆ ಮುಂಚೆ ಒಂದು ಸೋತ್ರೆ ಒಂದು ಗೆಲ್ತಿದ್ವಿ. ಈ ಶನಿವಾರ ಆ ಸಿಮೆಂಟ್ ಕಂಪನಿ ಟೀಮ್‌ನೋರ ಎದುರೂ ಸೋತ್ರೆ ನೀನು ಬೇರೆ ಕೆಲಸ ನೋಡ್ಕೊಂಬಿಡು."

ಬೇರೆ ಕೆಲಸ ಎಲ್ಲಿದೆ? ಜನ ಸಾಗಿಸುವ ಜೀಪ್ನಿ ಓಡಿಸೋಣವೆಂದರೆ ಕಣ್ಣು ಮಂಜು, ಮರಿಕಿನಾದ ಚಪ್ಪಲಿ ಕಾರ್ಖಾನೆಗೆ ವಾಪಸು ಹೋಗೋಣವೆಂದರೆ ಅದು ಮುಚ್ಚಿ ಎರಡು ವರ್ಷ. ಈ ಕೆಲಸ ಹೋದರೆ ಲುಜ್ ಒಗೆಯುವ ಬಟ್ಟೆಯ ಜೊತೆಗೆ ತನ್ನನ್ನೂ ಒಗೆಯುತ್ತಾಳೆ ಎಂಬುದು ಎಲ್ಪಿಡಿಯೊಗೆ ಗೊತ್ತಿತ್ತು.

ಅವನ ಓಣಿಯಲ್ಲಿ ಎದುರುಮನೆಯ ಲೋಲೊ ಅನ್ಸೆಲ್ಮೊ, ಓಣಿಗೆಲ್ಲ ಅಜ್ಜ, ತೀರಿಕೊಂಡು ನಾಲ್ಕು ದಿನವಾಗಿತ್ತು. ನಮ್ಮ ಜನಕ್ಕೆ ಆಡುವುದೆಂದರೆ ಬಾಸ್ಕೆಟ್‌ಬಾಲ್, ನೋಡುವುದೆಂದರೆ ಬಾಸ್ಕೆಟ್‌ಬಾಲ್. ಐದಡಿ ಮೀರದ ಮನೆತನದಲ್ಲೂ ಬಾಗಿಲಿಗೊಂದು ಬುಟ್ಟಿ. ಇಡೀ ಓಣಿಯಲ್ಲಿ ಹುಡುಗಿಯರ ವಾಲಿಬಾಲ್ ನೋಡುತ್ತಿದ್ದ ಮುದುಕ ಲೋಲೊ ಒಬ್ಬನೇ. ಪೆರ್ಲಿತಾ ತಂಡದ ಪಂದ್ಯ ಬಂದರೆ ಟಿ.ವಿ. ದನಿ ಪೂರ್ತಿ ಏರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಕೂತುಬಿಡುತ್ತಿದ್ದ. "ಬ್ಲಾಕ್ ಮಾಡ್ರೇ! ಕೈ ಎತ್ರೇ! ಬಟ್ಟೆ ಒಣಹಾಕೋಕೆ ನಿಂತಿದ್ದೀರಾ?" ಎಂಬ ಕೂಗಿನ ಹಿಂದೆಯೇ ಚಪ್ಪಲಿ ಟಿ.ವಿ. ಮೇಲೆ ಬೀಳುತ್ತಿತ್ತು. ಸೋತು ಮನೆಗೆ ಬರುವ ಎಲ್ಪಿಡಿಯೊಗೆ ಇನ್ನೊಂದು ಚಪ್ಪಲಿ ಕಾದಿರುತ್ತಿತ್ತು.

"ಒಂದೇ ಒಂದು ಟಿಕೆಟ್ ಕೊಡ್ಸೋ," ಎನ್ನುತ್ತಿದ್ದ ಲೋಲೊ. "ನಾನೇ ಬಂದು ಕೂಗ್ತೀನಿ. ಹೇಗೆ ಗೆಲ್ಲಲ್ವೋ ನೋಡೇಬಿಡೋಣ."

"ಮುಂದಿನ ಪಂದ್ಯಕ್ಕೆ, ಲೋಲೊ."

ಅಪಶಕುನದ ಮನುಷ್ಯ ಯಾವ ಮುಖ ಹೊತ್ತು ಮ್ಯಾಡಂ ಹತ್ತಿರ ಟಿಕೆಟ್ ಕೇಳಬೇಕು? ಮುಂದಿನ ಪಂದ್ಯ, ಮುಂದಿನ ಪಂದ್ಯ ಎನ್ನುತ್ತಲೇ ಮಂಗಳವಾರ ಬಂತು. ಆರನೆಯ ಸೋಲಿನ ಮೂರನೇ ಸೆಟ್ ನಡೆಯುತ್ತಿದ್ದಾಗ ಲೋಲೊ ಎತ್ತಿದ ಚಪ್ಪಲಿ ಎಸೆಯದೆಯೇ ಹೊರಟುಹೋದ. ಹೃದಯ ಎಂದರು ಡಾಕ್ಟರು. ಪೆರ್ಲಿತಾ ಎಂದಿತು ಓಣಿ.

ದುಬೈಯಲ್ಲಿದ್ದ ಮಗ ಬರಲೆಂದು ಹೆಣವನ್ನು ಮನೆಯ ಮುಂದೆ ಶಾಮಿಯಾನದಡಿ ಇಟ್ಟು ಕಾಯುತ್ತಿದ್ದರು. ಅಂದಿನಿಂದ ಎಲ್ಪಿಡಿಯೊ ಆ ಶಾಮಿಯಾನದ ಕಡೆ ಮುಖ ಹಾಕದೆ, ಕೊಡೆ ಅಡ್ಡ ಹಿಡಿದು ಓಡಾಡುತ್ತಿದ್ದ. ಶನಿವಾರ ಬೆಳಿಗ್ಗೆ ಒಗೆದ ಜರ್ಸಿಗಳ ಚೀಲ ಹೊತ್ತು, ಅದೇ ರೀತಿ ನುಸುಳುತ್ತಿದ್ದಾಗ ಲೋಲೊನ ಹೆಂಡತಿ ಲೋಲಾ ಚಾಯೊಂಗ್ ಕಣ್ಣಿಗೆ ಬಿದ್ದ.

"ಮಳೆ ಇಲ್ಲ, ಬಿಸಿಲಿಲ್ಲ, ಕೊಡೆ ಯಾಕೋ? ಬಾ ಇಲ್ಲಿ. ನಿಮ್ಮ ಲೋಲೊ ಇನ್ನು ಬೈಯಲ್ಲ. ಕಾಫಿ ಕುಡ್ಕೊಂಡು ಹೋಗು."

ಸಾವಿನ ಮನೆಯ ಕಾಫಿಯನ್ನು ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ? ಒಳಗೆ ಒಂದು ಕಡೆ ಹೆಣ ಕಾಯುವವರ ಇಸ್ಪೀಟು, ಒಂದು ಕಡೆ ಜಪಸರ, ನಡುವೆ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಲೋಲೊ. ಚೀಲ ಇಡಲು ಜಾಗವಿರಲಿಲ್ಲ.

"ಪೆಟ್ಟಿಗೆ ಕೆಳಗೇ ಇಡು, ಅವ್ರೇ ಕಾಯ್ತಾರೆ," ಎಂದಳು ಲೋಲಾ.

ಎಲ್ಪಿಡಿಯೊ ಬಗ್ಗಿ ನೋಡಿದ. ಲೋಲೊ ಗಂಟುಮುಖ ಹಾಕಿಕೊಂಡೇ ಮಲಗಿದ್ದ. "ಟಿಕೆಟ್ ವಿಷಯ ಮನಸ್ಸಿನಲ್ಲಿಟ್ಕೋಬೇಡಿ ಲೋಲೊ," ಎಂದು ಪಿಸುಗುಟ್ಟಿ, ಕಣ್ಣೊರೆಸಿಕೊಂಡು, ಕಾಫಿ ಕುಡಿದ. ಪಕ್ಕದ ಮನೆಯ ಆಲಿಂಗ್ ಬೇಬಿ ಮೊಬೈಲ್ ಎತ್ತಿ ಹಿಡಿದು, ದುಬೈಯಲ್ಲಿರುವ ನೆಂಟರಿಗೆಂದು ಎಲ್ಲವನ್ನೂ ಫೇಸ್‌ಬುಕ್‌ನಲ್ಲಿ ತೋರಿಸುತ್ತಿದ್ದದ್ದು ಅವನಿಗೆ ಗೊತ್ತಾಗಲೇ ಇಲ್ಲ.

ಹೊರಗೆ ಬಂದ ಮೇಲೆ ಅವನಿಗೆ ಪದ್ಧತಿ ನೆನಪಾಯಿತು. ಸಾವಿನ ಮನೆಗೆ ಹೋದವರು ನೇರವಾಗಿ ಮನೆಗಾಗಲಿ ಕೆಲಸಕ್ಕಾಗಲಿ ಹೋಗಬಾರದು. ದಾರಿಯಲ್ಲಿ ಎಲ್ಲಾದರೂ ಒಳಹೊಕ್ಕು, ಮೈ ಕೊಡವಿಕೊಂಡು ಹೋಗಬೇಕು. ಇಲ್ಲವಾದರೆ ಸತ್ತವರು ಬೆನ್ನು ಹತ್ತಿ ಬರುತ್ತಾರೆ. ಮೂಲೆಯ ಅಂಗಡಿಗೆ ನುಗ್ಗಹೋದರೆ ಅಂಗಡಿಯವನು ಎರಡೂ ಕೈ ಅಡ್ಡ ಹಿಡಿದ.

"ಕಾಫಿ ಕುಡಿದಿದ್ದು ನೋಡ್ದೆ ಕಣೋ. ನನ್ನಂಗಡೀಲಿ ಕೊಡವಬೇಡ, ಮುಂದೆ ಹೋಗು."

ಮುಂದಿನದು ಬೇಕರಿ. ಬೇಕರಿಯ ಹೆಂಗಸು ಪೊರಕೆ ಹಿಡಿದೇ ನಿಂತಿದ್ದಳು. "ನಾಲ್ಕು ದಿನದಿಂದ ಓಣಿಯೋರೆಲ್ಲ ಇಲ್ಲೇ ಕೊಡವಿ ಹೋಗ್ತಿದ್ದೀರಲ್ಲ, ನನ್ನ ಹಿಟ್ಟು ಉಬ್ಬೋದನ್ನೇ ನಿಲ್ಲಿಸಿದೆ! ಒಳಗೆ ಕಾಲಿಟ್ರೆ ಗ್ರಹಚಾರ ಬಿಡಿಸ್ತೀನಿ!"

ಕ್ಷೌರದಂಗಡಿಯವನು ಅವನನ್ನು ಕಂಡದ್ದೇ ಬಾಗಿಲೆಳೆದುಕೊಂಡ. ಅಷ್ಟರಲ್ಲಿ ಜೀಪ್ನಿ ಬಂತು. ಎರಡು ಗಂಟೆಗೆ ಪಂದ್ಯ, ಆಗಲೇ ಹನ್ನೆರಡು. ಕ್ರೀಡಾಂಗಣದ ಹತ್ತಿರ ನೋಡಿಕೊಂಡರಾಯಿತು ಎಂದು ಹತ್ತಿದ. ಟ್ರಾಫಿಕ್ಕಿನಲ್ಲಿ ಸಿಕ್ಕಿ, ಇಳಿದಾಗ ಒಂದೂ ಕಾಲು. ಎಲ್ಲಿಯೂ ನುಗ್ಗಲು ಪುರಸೊತ್ತಿಲ್ಲದೆ ನೇರವಾಗಿ ತಂಡದ ಕೋಣೆಗೇ ಓಡಿದ.

"ಅಲ್ಲೇ ನಿಲ್ಲು ಕುಯಾ! ಚೀಲ ಕೆಳಗಿಡಬೇಡ!"

ಕೂಗಿದವಳು ನಾಯಕಿ ಜೊವೆಲಿನ್. ಆರಡಿ ಎತ್ತರದ ಹುಡುಗಿ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಅವಳ ಹಿಂದೆ ಉಳಿದ ಹದಿಮೂರು ಜನ ಕುರಿಮಂದೆಯ ಹಾಗೆ ಗೋಡೆಗೆ ಒತ್ತಿಕೊಂಡಿದ್ದರು.

"ಇದು ನೀನಲ್ವಾ?" ಅವಳು ಮೊಬೈಲ್ ತೋರಿಸಿದಳು. ಆಲಿಂಗ್ ಬೇಬಿಯ ಕೃಪೆಯಿಂದ ಎಲ್ಪಿಡಿಯೊ ಶವಪೆಟ್ಟಿಗೆಯ ಪಕ್ಕ ಕಾಫಿ ಹೀರುತ್ತಿದ್ದ.

"ನನ್ನ ಹಾಗೇ ಇದ್ದಾನೆ," ಎಂದ ಅವನು. "ನನಗಿಂತ ಸ್ವಲ್ಪ ದಪ್ಪ."

"ಆ ಪೆಟ್ಟಿಗೆ ಕೆಳಗಿರೋ ಚೀಲ?"

ಚೀಲದ ಮೇಲೆ ಕಂಪನಿಯ ಮೀನು ಹಲ್ಲು ಕಿರಿಯುತ್ತಿತ್ತು.

"ಎಲ್ಲಾದ್ರೂ ಕೊಡವಿಕೊಂಡು ಬಂದ್ಯಾ? ತಾಯಾಣೆ ಹೇಳು."

ಎಲ್ಪಿಡಿಯೊ ನೆಲ ನೋಡಿದ. ಅಷ್ಟೇ ಸಾಕಾಯಿತು. ನೆಲಕ್ಕೆ ಬಿದ್ದು ಚೆಂಡು ಎತ್ತುವ ಗ್ಲಾಯ್ಡೆಲ್, ತಂಡಕ್ಕೆಲ್ಲ ಧೈರ್ಯದ ಹುಡುಗಿ ಎನಿಸಿಕೊಂಡವಳು, ಅಳತೊಡಗಿದಳು. "ನಾನು ಆ ಜರ್ಸಿ ಹಾಕಲ್ಲ. ನಮ್ಮಜ್ಜಿ ಇದೇ ತರ ಕೊಡವದೆ ಬಂದು ಮೂರು ತಿಂಗಳು ನಿದ್ದೆ ಮಾಡ್ಲಿಲ್ಲ!"

ಗಲಾಟೆ ಕೇಳಿ ಕೋಚ್ ರೆನಾಟೊ ಒಳಗೆ ಬಂದ. ಕೋಚ್ ವಿಜ್ಞಾನ ಓದಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ. ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಸೋಲುವವರೆಗೂ ಒಗೆಯುತ್ತಿರಲಿಲ್ಲ, ಅಷ್ಟೇ. ಆರು ಪಂದ್ಯಗಳಿಂದ ಅವನ ಕಾಲುಚೀಲ ಬಹಳ ಶುಭ್ರವಾಗಿತ್ತು.

ವಿಷಯ ತಿಳಿದು ಅವನು ಎಲ್ಪಿಡಿಯೊನ ತೋಳು ಹಿಡಿದು ಮೂಲೆಗೆ ಎಳೆದ. "ಮ್ಯಾಡಂ ಬರೋಕ್ಕೆ ಮುಂಚೆ ಇದು ಮುಗೀಬೇಕು. ಹೋಗಿ ಕೊಡವಿ ಬಾ."

"ಎಲ್ಲಿ, ಕೋಚ್?"

ಕೋಚ್ ಗಡ್ಡ ಕೆರೆದುಕೊಂಡ. ಅವನ ಕಣ್ಣಿನಲ್ಲಿ ಏನೋ ಮಿಂಚಿತು. "ಹೇಗಿದ್ರೂ ಕೊಡವಲೇಬೇಕು, ಅದನ್ನ ದಂಡ ಯಾಕೆ ಮಾಡೋದು? ಸಿಮೆಂಟ್‌ನೋರ ಕೋಣೇಲಿ ಕೊಡವು. ಹುಡುಗೀರೆಲ್ಲ ಅಂಗಳದಲ್ಲಿದ್ದಾರೆ. ಜರ್ಸಿ ಒಂದೊಂದಾಗಿ ತೆಗೆದು ಚೆನ್ನಾಗಿ ಝಾಡಿಸು."

"ಪಾಪ ಅಲ್ವಾ ಕೋಚ್?"

"ನಾಳೆ ಭಾನುವಾರ. ಪಾದ್ರಿಗಳ ಹತ್ರ ಹೇಳ್ಕೋ. ಓಡು!"

ತಿಬಾಯ್ ಸಿಮೆಂಟ್ ತಂಡದ ಕೋಣೆ ಪಡಸಾಲೆಯ ಆ ತುದಿಗೆ. ಎಲ್ಪಿಡಿಯೊ ಬೆಕ್ಕಿನ ಹೆಜ್ಜೆ ಹಾಕಿ, ಬಾಗಿಲು ತಳ್ಳಿ, ಬಲಗಾಲು ಎತ್ತಿದ.

"ಪರೇ! ನೂರು ವರ್ಷ ಆಯಸ್ಸು ನಿನಗೆ! ಈಗ ನಿನ್ನನ್ನೇ ನೆನೆಸ್ಕೊಂಡೆ!"

ಎತ್ತಿದ ಕಾಲು ಅಲ್ಲೇ ನಿಂತಿತು. ಒಳಗೆ ನಾರ್ಸಿಸೊ ಕೂತಿದ್ದ. ಸಿಮೆಂಟ್ ತಂಡದ ಕೈಯಾಳು ಅವನು, ಎಲ್ಪಿಡಿಯೊನ ಮಗಳು ಮೈಲೀನ್‌ಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದವನು. ಅಲ್ಲಿಂದ ಇಬ್ಬರೂ ಒಬ್ಬರಿಗೊಬ್ಬರು ಪರೇ, ಒಡಹುಟ್ಟಿದವರಿಗಿಂತ ಹೆಚ್ಚು. ಅವನ ಮುಂದೆ ಒಂದು ದೊಡ್ಡ ಡಬ್ಬಿ ಇತ್ತು.

"ನಮ್ಮ ಮೈಲೀನ್ ಹುಟ್ಟಿದ ಹಬ್ಬಕ್ಕೆ ನಮ್ಮನೇಲಿ ಪನ್ಸಿತ್ ಶಾವಿಗೆ ಮಾಡಿಸ್ಕೊಂಡು ಬಂದೆ. ಒಂದೂ ಎಳೆ ತುಂಡಾಗದ ಹಾಗೆ ಮಾಡು ಅಂತ ಹೇಳಿದ್ದೆ ನನ್ನ ಹೆಂಡ್ತಿಗೆ. ಶಾವಿಗೆ ಉದ್ದ ಇದ್ದಷ್ಟೂ ಮಗು ಆಯಸ್ಸು ಉದ್ದ, ಅಲ್ವಾ? ಏನು ಹಾಗೆ ನೋಡ್ತೀಯ? ಇವತ್ತು ಮಗು ಹುಟ್ಟಿದ ದಿನ ಅನ್ನೋದನ್ನೇ ಮರೆತ್ಯಾ?"

ಮರೆತಿದ್ದ. ಬೆಳಿಗ್ಗೆಯಿಂದ ಲುಜ್ ಯಾಕೆ ಪಾತ್ರೆ ಕುಕ್ಕುತ್ತಿದ್ದಳು ಎಂಬುದು ಈಗ ಹೊಳೆಯಿತು. ಹೆತ್ತ ತಂದೆ ಮರೆತದ್ದನ್ನು ನೆನಪಿಟ್ಟು, ತನ್ನ ಮಗಳ ಆಯಸ್ಸನ್ನು ಡಬ್ಬಿಯಲ್ಲಿ ತುಂಬಿಕೊಂಡು ತಂದವನ ಕೋಣೆಯಲ್ಲಿ ತಾನು ಸಾವನ್ನು ಝಾಡಿಸಲು ಬಂದಿದ್ದೇನಲ್ಲ! ಹಾಳು ಕೆಲಸ, ಹೋದರೆ ಹೋಗಲಿ ಎಂದುಕೊಂಡು ಎತ್ತಿದ ಕಾಲನ್ನು ಹೊಸ್ತಿಲಿನ ಈಚೆಗೇ ಇಳಿಸಿದ.

"ಒಳಗೆ ಬಾರೋ ಪರೇ, ಒಂದು ತುತ್ತು ತಿಂದು ಹೋಗು."

"ಇಲ್ಲ ಪರೇ, ಕಾಲು ಕೊಳೆ."

"ನನ್ನ ಕೋಣೆ ಏನು ಅರಮನೇನಾ? ಬಾ!"

ನಾರ್ಸಿಸೊ ಕೈ ಹಿಡಿದು ಒಳಗೆಳೆದ. ಎಲ್ಪಿಡಿಯೊ ಬಾಗಿಲ ಚೌಕಟ್ಟನ್ನು ತಬ್ಬಿಕೊಂಡ. ತವರು ಬಿಟ್ಟು ಹೊರಡಲೊಲ್ಲದ ಮದುಮಗಳ ಹಾಗೆ ಅವನು ಜೋತುಬಿದ್ದಿದ್ದನ್ನು ಕಂಡು ನಾರ್ಸಿಸೊ ಗಾಬರಿಯಾಗಿ ಕೈ ಬಿಟ್ಟ. ಕೊನೆಗೆ ತಟ್ಟೆಯೇ ಹೊರಗೆ ಬಂತು. ಪಡಸಾಲೆಯಲ್ಲಿ ನಿಂತೇ ಎರಡು ತುತ್ತು ನುಂಗಿ, ಡಬ್ಬಿ ಹಿಡಿದುಕೊಂಡು ಎಲ್ಪಿಡಿಯೊ ಓಡಿದ. ಕಕ್ಕಸಿನಲ್ಲಾದರೂ ಕೊಡವೋಣವೆಂದರೆ ತೊಳೆಯುತ್ತಿದ್ದವಳು ಒದ್ದೆ ನೆಲ ತುಳಿಯಬೇಡ ಎಂದು ಗದರಿಸಿದಳು. ಅಷ್ಟರಲ್ಲಿ ಕೋಚ್ ಎದುರಾಗಿ ಚೀಲ ಕಿತ್ತುಕೊಂಡ.

"ಝಾಡಿಸಿದ್ಯಾ?"

"ಹ್ಞೂಂ," ಎಂದ ಎಲ್ಪಿಡಿಯೊ. ಸೋಮವಾರದಿಂದ ಹೇಗಿದ್ದರೂ ಕೆಲಸವಿಲ್ಲ, ಇವತ್ತೊಂದು ಸುಳ್ಳು ಹೆಚ್ಚಾದರೆ ಏನಾಯಿತು?

ಹುಡುಗಿಯರು ಶಿಲುಬೆಯ ಗುರುತು ಹಾಕಿಕೊಂಡು ಜರ್ಸಿ ತೊಟ್ಟರು.

ಮೊದಲ ಸೆಟ್ ಸಿಮೆಂಟ್‌ನವರು ಹದಿನಾಲ್ಕಕ್ಕೆ ಇಪ್ಪತ್ತೈದು ಅಂಕ ಬಾರಿಸಿ ಮುಗಿಸಿದರು. ಎಲ್ಪಿಡಿಯೊ ಬೆವರು ಒರೆಸುತ್ತ, ಈ ಬಟ್ಟೆಯನ್ನು ಬೀಳ್ಕೊಡುಗೆಯ ನೆನಪಿಗೆ ಕೊಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿದ್ದ. ಮ್ಯಾಡಂ ಪುರೀತಾ ಮುಂದಿನ ಸಾಲಿನಿಂದ ಅವನನ್ನೇ ನೋಡುತ್ತಿದ್ದಳು. ಚೆಂಡಿನ ಕಡೆಗೆ ಅವಳ ದೃಷ್ಟಿಯೇ ಇರಲಿಲ್ಲ.

ಎರಡನೇ ಸೆಟ್‌ನಲ್ಲಿ ಏನೋ ಆಯಿತು. ಸಿಮೆಂಟ್ ತಂಡದ ಹುಡುಗಿ ಹೊಡೆದ ಚೆಂಡಿಗೆ ಜೊವೆಲಿನ್ ಎದ್ದು ಎರಡೂ ಕೈ ಒಡ್ಡಿದಳು. ಚೆಂಡು ಬಂದ ದಾರಿಯಲ್ಲೇ ವಾಪಸು ಹೋಗಿ ಬಿತ್ತು. ಬ್ಲಾಕ್! ಮುಂದಿನ ಚೆಂಡೂ ಬ್ಲಾಕ್. ಅದರ ಮುಂದಿನದೂ. ಒಂದು ಪಂದ್ಯಕ್ಕೆ ನಾಲ್ಕು ಬ್ಲಾಕ್ ಮಾಡಿದರೆ ಕೇಕ್ ಕತ್ತರಿಸುತ್ತಿದ್ದ ತಂಡ ಅಂದು ಹತ್ತೊಂಬತ್ತು ಮಾಡಿತು. ಬಲೆಯ ಎದುರು ಕೈಗಳ ಗೋಡೆಯೇ ಎದ್ದಿತು. ಸಿಮೆಂಟ್ ಕಂಪನಿಯವರೂ ಅಂಥ ಗೋಡೆ ಕಟ್ಟಿರಲಿಕ್ಕಿಲ್ಲ. ಎರಡನೆಯದು, ಮೂರನೆಯದು, ನಾಲ್ಕನೆಯದು ಮೂರೂ ಸೆಟ್ ಪೆರ್ಲಿತಾಗೆ ಬಂದವು. ಪಂದ್ಯ ಮುಗಿಯಿತು. ಗೆದ್ದಾಗ ಏನು ಮಾಡಬೇಕೆಂದು ಗೊತ್ತಿಲ್ಲದೆ ಎಲ್ಪಿಡಿಯೊ ಒಣಗಿದ ನೆಲವನ್ನೇ ಮತ್ತೆ ಒರೆಸಿದ.

ಕೋಣೆಯಲ್ಲಿ ಹುಡುಗಿಯರು ಅವನನ್ನು ಎತ್ತಿ ಕುಣಿಸಿದರು.

"ಒಂದು ವಿಚಿತ್ರ ಕುಯಾ," ಎಂದಳು ಜೊವೆಲಿನ್, ಇನ್ನೂ ಏದುಸಿರು ಬಿಡುತ್ತ. "ಎರಡನೇ ಸೆಟ್‌ನಿಂದ ಹಿಂದೆ ಯಾರೋ ಮುದುಕರು ಕೂಗ್ತಾನೇ ಇದ್ರು. ಬ್ಲಾಕ್ ಮಾಡ್ರೇ, ಬಟ್ಟೆ ಒಣಹಾಕೋಕೆ ನಿಂತಿದ್ದೀರಾ ಅಂತ. ಎಷ್ಟು ಬೈತಿದ್ರು ಅಂದ್ರೆ, ಹೆದರಿ ಹೆದರಿ ನೆಗೆದೆ. ತಿರುಗಿ ನೋಡಿದ್ರೆ ಕುರ್ಚಿ ಖಾಲಿ."

ಎಲ್ಪಿಡಿಯೊನ ಮೈಮೇಲಿನ ಕೂದಲೆಲ್ಲ ನೆಟ್ಟಗಾಯಿತು. ಕೊಡವಿದ್ದರಲ್ಲವೇ ಲೋಲೊ ದಾರಿಯಲ್ಲಿ ಇಳಿಯುವುದು! ಚೀಲದಲ್ಲೇ ಕೂತು, ಜೀಪ್ನಿ ಏರಿ, ಟಿಕೆಟ್ಟಿಲ್ಲದೆ ಪಂದ್ಯಕ್ಕೆ ಬಂದುಬಿಟ್ಟಿದ್ದಾನೆ. ಅವನಿಗೆ ಅಳು ಬಂತು. ಜೊತೆಗೆ ನಗುವೂ ಬಂತು. ಕೊನೆಗೂ ಮಾತು ಉಳಿಸಿಕೊಂಡೆ ಎಂದು ಮನಸ್ಸು ಹಗುರವಾಯಿತು.

ಆಗ ಬಾಗಿಲಲ್ಲಿ ಮ್ಯಾಡಂ ಪುರೀತಾ ಕಾಣಿಸಿಕೊಂಡಳು. "ಎಲ್ಪಿಡಿಯೊ, ನಿನ್ನ ಕೆಲಸ ಗಟ್ಟಿ. ಕೋಚ್ ಎಲ್ಲಾ ಹೇಳಿದ್ರು. ಸಾವಿನ ಮನೆಗೆ ಹೋಗಿದ್ದು, ಅವ್ರ ಕೋಣೇಲಿ ಕೊಡವಿದ್ದು. ನಾನು ಇದನ್ನೆಲ್ಲ ನಂಬಲ್ಲ. ಆದ್ರೆ ಗೆದ್ದಿದ್ದನ್ನ ಬದಲಾಯಿಸಬಾರದು. ಇನ್ನು ಮೇಲೆ ಪ್ರತಿ ಪಂದ್ಯಕ್ಕೂ ಮುಂಚೆ ಜರ್ಸಿ ಚೀಲ ತಗೊಂಡು ಒಂದು ಸಾವಿನ ಮನೆಗೆ ಹೋಗ್ಬೇಕು, ಆಮೇಲೆ ಎದುರಾಳಿ ಕೋಣೇಲಿ ಕೊಡವಬೇಕು. ಮಂಗಳವಾರ ಪಂದ್ಯ ಇದೆ. ತಪ್ಪಿದ್ರೆ ನಮ್ಮ ಹಳೇ ಮಾತು ನೆನಪಿದೆಯಲ್ಲ?"

"ಆದ್ರೆ ಮ್ಯಾಡಂ, ಮಂಗಳವಾರಕ್ಕೆ ಸರಿಯಾಗಿ ಯಾರು ಸಾಯ್ತಾರೆ?"

"ಅದು ನಿನ್ನ ಡ್ಯೂಟಿ," ಎಂದಳು ಮ್ಯಾಡಂ.

ಕೊಡವಿರಲಿಲ್ಲ ಎಂದು ಹೇಳುವಂತಿಲ್ಲ, ಹೇಳಿದರೆ ಸುಳ್ಳುಗಾರ. ಸುಮ್ಮನಿರುವಂತೆಯೂ ಇಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿ ಎಲ್ಪಿಡಿಯೊ ಸಂಜೆ ಓಣಿಗೆ ಬಂದು ನೇರವಾಗಿ ಲೋಲಾ ಚಾಯೊಂಗ್ ಮುಂದೆ ಕೂತ.

"ಲೋಲಾ, ಮಣ್ಣು ಯಾವಾಗ?"

"ನಾಳೆ ಬೆಳಿಗ್ಗೆ. ಮಗ ದುಬೈಯಿಂದ ಬಂದಿಳಿದ."

"ಅಷ್ಟು ಅವಸರ ಯಾಕೆ? ಮಂಗಳವಾರದ ತನಕ ಇಟ್ಕೊಳ್ಳಿ. ಇಂಥ ಮನುಷ್ಯ ಮತ್ತೆ ಸಿಗ್ತಾರಾ?"

"ಬದುಕಿದ್ದಾಗ ಒಂದು ಟಿಕೆಟ್ ಕೊಡಿಸ್ಲಿಲ್ಲ, ಈಗ ಏನೋ ಇಷ್ಟು ಪ್ರೀತಿ?" ಲೋಲಾ ಅನುಮಾನದಿಂದ ನೋಡಿದಳು. ಇಸ್ಪೀಟು ಆಡುತ್ತಿದ್ದವರೂ ನೋಡಿದರು. ಎಲ್ಪಿಡಿಯೊ ಎದ್ದು ಬಂದ.

ಮನೆಯಲ್ಲಿ ಲುಜ್ ಪನ್ಸಿತ್ ಡಬ್ಬಿ ನೋಡಿ ಸ್ವಲ್ಪ ತಣ್ಣಗಾದಳು. ಮಗಳು ಮೈಲೀನ್ ಅರ್ಧ ಡಬ್ಬಿ ಖಾಲಿ ಮಾಡಿದಳು. ಎಲ್ಪಿಡಿಯೊಗೆ ತುತ್ತು ಇಳಿಯಲಿಲ್ಲ. ಓಣಿಯ ಮುದುಕರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ನೋಡುತ್ತಿದ್ದ. ತುತ್ತತುದಿಯಲ್ಲಿ ಮಾಂಗ್ ತೆಮಿಯೊ ಇದ್ದ. ಎರಡು ತಿಂಗಳಿನಿಂದ ಕೆಮ್ಮು, ಹಾಸಿಗೆ ಹಿಡಿದಿದ್ದಾನೆ, ಪಾದ್ರಿಗಳು ಎರಡು ಸಲ ಬಂದು ಸಾಯುವವರಿಗೆ ಹಚ್ಚುವ ಎಣ್ಣೆ ಹಚ್ಚಿ ಹೋಗಿದ್ದಾರೆ. ಛೇ, ಎಂಥ ಯೋಚನೆ ನನ್ನದು ಎಂದು ಕೆನ್ನೆ ಬಡಿದುಕೊಂಡ. ಬಡಿದುಕೊಳ್ಳುತ್ತಲೇ ಇನ್ನೊಂದು ಯೋಚನೆ ಬಂತು. ತೆಮಿಯೊ ಬಾಸ್ಕೆಟ್‌ಬಾಲ್ ಹುಚ್ಚ! ವಾಲಿಬಾಲ್ ಗಂಧಗಾಳಿ ಇಲ್ಲ. ಅಂಥವನು ಚೀಲದಲ್ಲಿ ಕೂತು ಬಂದರೆ, ಚೆಂಡು ಹಿಡ್ಕೊಂಡು ಓಡ್ರೇ ಎಂದು ಕೂಗಿ ತಂಡವನ್ನೇ ಮುಳುಗಿಸುತ್ತಾನೆ.

ಎಲ್ಪಿಡಿಯೊ ತಡಮಾಡಲಿಲ್ಲ. ಬರಿಗೈಯಲ್ಲಿ ರೋಗಿಯನ್ನು ನೋಡಬಾರದೆಂದು ಉಳಿದ ಪನ್ಸಿತ್ತನ್ನು ತಟ್ಟೆಗೆ ಹಾಕಿಕೊಂಡು ಹೋಗಿ, ಮಾಂಗ್ ತೆಮಿಯೊನ ಹಾಸಿಗೆಯ ಪಕ್ಕ ಕೂತ.

"ನೋಡಿ ಮಾಂಗ್ ತೆಮಿಯೊ, ಇದರಲ್ಲಿ ಒಂದು ಕಡೆ ಆರು ಜನ. ಚೆಂಡನ್ನ ಹಿಡಿಯೋ ಹಾಗಿಲ್ಲ. ಮೂರು ಸಲ ಮುಟ್ಟಬಹುದು, ಅಷ್ಟರೊಳಗೆ ಆ ಕಡೆ ದಾಟಿಸ್ಬೇಕು. ಮುಖ್ಯವಾದ್ದು ಬ್ಲಾಕ್. ಹೇಳಿ, ಬ್ಲಾಕ್ ಮಾಡ್ರೇ!"

"ಈ ವಯಸ್ಸಲ್ಲಿ," ಮುದುಕ ಕೆಮ್ಮಿದ, "ನಾನ್ಯಾಕೋ ಇದನ್ನೆಲ್ಲ ಕಲೀಬೇಕು?"

"ಎಲ್ಲಾದ್ರೂ ಉಪಯೋಗಕ್ಕೆ ಬರತ್ತೆ."

ಅರ್ಧ ಗಂಟೆ ಪಾಠವಾಯಿತು. ಕೇಳುತ್ತ ಕೇಳುತ್ತ ಮುದುಕ ಶಾವಿಗೆಯನ್ನು ಒಂದೊಂದೇ ಎಳೆಯಾಗಿ, ಉದ್ದಕ್ಕೆ, ಎಲ್ಲೂ ತುಂಡಾಗದ ಹಾಗೆ ಹೀರಿದ. ತಟ್ಟೆ ಬರಿದಾದಾಗ ಎಲ್ಪಿಡಿಯೊಗೆ ಒಂದು ಸಂಗತಿ ಗಮನಕ್ಕೆ ಬಂತು: ಬಹಳ ಹೊತ್ತಿನಿಂದ ಕೆಮ್ಮು ಕೇಳಿಸಿಲ್ಲ. ಮಾಂಗ್ ತೆಮಿಯೊ ದಿಂಬಿಗೊರಗಿ ಎದ್ದು ಕೂತಿದ್ದ. ಕೆನ್ನೆಗೆ ರಂಗು ಬಂದಿತ್ತು.

"ಏನು ಹಾಕಿದ್ರೋ ಇದಕ್ಕೆ? ಹೋದ ಜೀವ ಬಂದ ಹಾಗಾಯ್ತು," ಎಂದ ಅವನು, ತುಟಿ ಒರೆಸಿಕೊಳ್ಳುತ್ತ. "ಹುಟ್ಟಿದ ಹಬ್ಬದ ಶಾವಿಗೆ ಅಲ್ವಾ? ಇನ್ನು ಹತ್ತು ವರ್ಷ ಚಿಂತೆ ಇಲ್ಲ ಬಿಡು!"

ಎಲ್ಪಿಡಿಯೊ ಖಾಲಿ ತಟ್ಟೆಯನ್ನೇ ನೋಡುತ್ತ ಕೂತ.

"ಆಟ ಮಜವಾಗಿದೆ ಕಣೋ," ಎಂದ ಮಾಂಗ್ ತೆಮಿಯೊ, ಕಾಲಿನಿಂದ ಮಂಚದ ಕೆಳಗೆ ಚಪ್ಪಲಿ ತಡಕುತ್ತ. "ಮಂಗಳವಾರ ಪಂದ್ಯ ಅಂದೆಯಲ್ಲ, ನಂಗೊಂದು ಟಿಕೆಟ್ ಕೊಡ್ಸೋ."